ಕಡಲಾಮೆ ನೂರು ಮೊಟ್ಟೆ ಕೇಳಿದ್ದು

ಭೂಮಿ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಒದ್ದೆಯಾಗಿತ್ತು. ಅಲೆ ಎಬ್ಬಿಸುವುದು ಹೇಗೆಂದು ಕಡಲು ಕಲಿಯುತ್ತಿತ್ತು.

ಅಷ್ಟು ದೊಡ್ಡ ಕಡಲಿನಲ್ಲಿ ಇದ್ದದ್ದು ಒಂದೇ ಒಂದು ಆಮೆ. ಅವಳ ಹೆಸರು ಹೊಂಬೆನ್ನಿ. ಮೀನುಗಳು ಹಿಂಡು ಹಿಂಡಾಗಿ ಓಡಾಡುತ್ತಿದ್ದವು. ಹೊಂಬೆನ್ನಿ ಮಾತ್ರ ಒಬ್ಬಳೇ ಈಜುತ್ತಿದ್ದಳು, ಒಬ್ಬಳೇ ಉಣ್ಣುತ್ತಿದ್ದಳು, ಒಬ್ಬಳೇ ಮಲಗುತ್ತಿದ್ದಳು.

ಒಂದು ದಿನ ಅವಳು ಕಡಲಮ್ಮನನ್ನು ಕೇಳಿಯೇಬಿಟ್ಟಳು. "ಅಮ್ಮಾ, ನನಗೆ ಮಕ್ಕಳು ಬೇಕು."

"ಕೊಡೋಣ ಮಗಳೇ," ಎಂದಳು ಕಡಲಮ್ಮ. "ಎರಡು ಮೊಟ್ಟೆ ಸಾಕೆಂದರೆ ನನ್ನ ಮಡಿಲಲ್ಲೇ ಇಟ್ಟು ಕಾಯುತ್ತೇನೆ. ಎರಡೂ ಬದುಕುತ್ತವೆ, ಮಾತು ಕೊಡುತ್ತೇನೆ. ನೂರು ಬೇಕೆಂದರೆ ಅಷ್ಟಕ್ಕೆ ನನ್ನಲ್ಲಿ ಕಾವಿಲ್ಲ. ದಡದ ಬಿಸಿ ಮರಳಲ್ಲಿ ಹುಗಿಯಬೇಕು. ಅಲ್ಲಿ ಏಡಿ ಇದೆ, ಹದ್ದು ಇದೆ. ನಾನು ಅಷ್ಟು ದೂರ ಬರಲಾರೆ. ನೂರೂ ಬದುಕಬಹುದು. ಒಂದೂ ಬದುಕದೆ ಹೋಗಬಹುದು."

ಕೇಳಿಸಿಕೊಳ್ಳುತ್ತಿದ್ದ ಗಾಳಿ ಸುಮ್ಮನಿರಲಿಲ್ಲ. "ಎರಡು ತಗೋ ಹೊಂಬೆನ್ನಿ! ಅಮ್ಮನೇ ಮಾತು ಕೊಡುತ್ತಿದ್ದಾಳೆ, ಇನ್ನೇನು ಬೇಕು?"

ಹೊಂಬೆನ್ನಿ ಯೋಚಿಸಿದಳು. ಎರಡು ಮರಿ. ಒಂದು ಈ ಕಡೆ ಈಜಿ ಹೋಗುತ್ತದೆ, ಒಂದು ಆ ಕಡೆ. ಆಮೇಲೆ ಅವೂ ನನ್ನ ಹಾಗೇ ಒಂಟಿ.

"ನೂರು ಕೊಡಮ್ಮ!"

"ಒಂದೂ ಬದುಕದಿದ್ದರೆ?"

"ಅಳುತ್ತೇನೆ. ಆದರೂ ನೂರೇ ಕೊಡು."

ಹೊಂಬೆನ್ನಿ ತೆವಳುತ್ತಾ ದಡ ಹತ್ತಿದಳು. ಹಿಂಗಾಲಿನಿಂದ ಗುಂಡಿ ತೋಡಿದಳು. ನೂರು ಮೊಟ್ಟೆ ಇಟ್ಟು ಮರಳು ಮುಚ್ಚಿದಳು. ನೀರಿಗೆ ಮರಳಿ ಕಾಯತೊಡಗಿದಳು. ಹತ್ತು ದಿನ ಕಾದಳು. ಇಪ್ಪತ್ತು ದಿನ ಕಾದಳು. ಐವತ್ತು ದಿನ ಕಾದಳು.

ಒಂದು ಬೆಳಗ್ಗೆ ಗಾಳಿ ಕೂಗುತ್ತಾ ಓಡಿ ಬಂತು. "ಮರಳು ಅಲುಗುತ್ತಿದೆ! ಬಾ, ಬೇಗ ಬಾ!"

ಹೊಂಬೆನ್ನಿ ಅಲೆಯ ಮೇಲೆ ತಲೆ ಎತ್ತಿದಳು. ಮರಳಿನಿಂದ ಒಂದು ಪುಟ್ಟ ತಲೆ ಇಣುಕಿತು. ಇನ್ನೊಂದು! ಮತ್ತೊಂದು! ನೋಡನೋಡುತ್ತಲೇ ದಡದ ತುಂಬ ಮರಿಗಳು!

ಅಷ್ಟರಲ್ಲಿ ಬಿಲಗಳಿಂದ ಏಡಿಗಳು ಹೊರಬಂದವು. ಮೇಲಿನಿಂದ ಹದ್ದುಗಳು ಸುಯ್ಯೆಂದು ಎರಗಿದವು. ಒಂದು ಮರಿ ಹೋಯಿತು. ಹತ್ತು ಹೋದವು. ಅಲೆ ಇನ್ನೂ ದೂರದಲ್ಲಿತ್ತು.

"ಓಡಿ ಮಕ್ಕಳೇ, ಓಡಿ! ಹಿಂದೆ ನೋಡಬೇಡಿ!" ಎಂದು ಹೊಂಬೆನ್ನಿ ಕಿರುಚಿದಳು. "ಅಯ್ಯೋ, ಎರಡೇ ಕೇಳಬೇಕಿತ್ತು!"

ಗಾಳಿಗೆ ತಡೆಯಲಾಗಲಿಲ್ಲ. ಮರಳನ್ನು ಬಾಚಿ ಬಾಚಿ ಹದ್ದುಗಳ ಕಣ್ಣಿಗೆ ಎರಚಿತು. ಮರಿಗಳು ಬಿದ್ದವು, ಎದ್ದವು, ಮಗುಚಿಕೊಂಡವು, ಮತ್ತೆ ಓಡಿದವು.

ಪುಳಕ್! ಒಂದು ಮರಿ ನೊರೆಯೊಳಗೆ ಬಿತ್ತು. ಕಡಲಮ್ಮ ಅದನ್ನು ಬಾಚಿಕೊಂಡಳು. ಪುಳಕ್! ಪುಳಕ್! ಎರಡು, ಐದು, ಹನ್ನೊಂದು...

ಕೊನೆಗೆ ನೀರು ಸೇರಿದ್ದು ಮೂವತ್ತೆಂಟು.

ಬಾರದ ಮರಿಗಳಿಗಾಗಿ ಹೊಂಬೆನ್ನಿ ಅತ್ತಳು. ಬಂದ ಮೂವತ್ತೆಂಟೂ ಅವಳ ಬೆನ್ನು ಹತ್ತಿ ಜಾರಿದವು, ಕತ್ತಿನ ಸುತ್ತ ಸುತ್ತಿದವು. ಅಳುತ್ತಲೇ ಅವಳಿಗೆ ನಗು ಬಂತು.

"ಮುಂದಿನ ಸಲ ಎರಡೋ, ನೂರೋ?" ಕಡಲಮ್ಮ ಕೇಳಿದಳು.

"ನೂರು!"

ಅದಕ್ಕೇ ಪುಟ್ಟಾ, ಇವತ್ತಿಗೂ ಕಡಲಾಮೆ ದಡಕ್ಕೆ ಬಂದು ಮರಳಲ್ಲಿ ರಾಶಿ ಮೊಟ್ಟೆ ಹುಗಿದು ಹೋಗುತ್ತದೆ, ಅದರ ಮರಿಗಳು ಕಣ್ಣು ಬಿಟ್ಟ ಕೂಡಲೇ ಹಿಂದೆ ನೋಡದೆ ಅಲೆಯ ಕಡೆಗೇ ಓಡುತ್ತವೆ.