ಕಿವಿಯಲ್ಲಿ ಹೇಳಿದ ಅಪ್ಪಣೆ

"ಗುರುಗಳೇ, ಕೈಹಿಡಿದು ನಡೆಸಿದವರು ಆ ಕೈಯನ್ನು ಬಿಡಬೇಕಾದದ್ದು ಯಾವಾಗ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬಳು ರಾಣಿ. ಗಂಡ ಯುದ್ಧದಲ್ಲಿ ಮಡಿದ. ಮಗನಿಗಿನ್ನೂ ಹಾಲುಹಲ್ಲು. ಅವನನ್ನು ಪಟ್ಟದ ಮೇಲೆ ಕೂರಿಸಿ, ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ತಾನೇ ರಾಜ್ಯ ನಡೆಸಿದಳು. ಅಲ್ಲಿ ಒಂದು ಕಟ್ಟಳೆಯಿತ್ತು. ಅಪ್ಪಣೆ ಅರಸನ ಬಾಯಿಂದಲೇ ಬರಬೇಕು. ಹಾಗಾಗಿ ರಾಣಿ ಮಗನ ಕಿವಿಯಲ್ಲಿ ಹೇಳುವಳು, ಮಗ ಅದನ್ನೇ ಗಟ್ಟಿಯಾಗಿ ಹೇಳುವನು. ಬಾಯಲ್ಲಿ ಬೆಲ್ಲವಿದ್ದರೆ ಅಪ್ಪಣೆ ಜೊಲ್ಲಿನ ಜೊತೆಗೇ ಹೊರಡುವುದು.

"ಬಾಯಿ ಅರಸರದು, ಬೆಲ್ಲವೂ ಅರಸರದು, ಮಾತು ಮಾತ್ರ ತಾಯಿಯವರದು" ಎಂದು ಸಭೆಯವರು ಮೀಸೆಯಡಿಯಲ್ಲೇ ನಗುತ್ತಿದ್ದರು. ರಾಣಿ ಕೇಳಿಯೂ ಕೇಳದಂತಿದ್ದಳು. ರಾಜ್ಯ ನಡೆಯುತ್ತಿತ್ತಲ್ಲ, ಅಷ್ಟು ಸಾಕು.

ಮಗನ ದನಿ ಒಡೆಯುವ ಹೊತ್ತಿಗೆ ಅವನ ಚಿಕ್ಕಪ್ಪ, ಪಟ್ಟ ತನಗೇ ಬೇಕೆಂದು ದಂಡು ಕಟ್ಟಿ ಬಂದ. ಸೋತು ಸಿಕ್ಕಿಬಿದ್ದ. ಹೆಡೆಮುರಿ ಕಟ್ಟಿ ಸಭೆಗೆ ತಂದರು. ರಾಣಿಗೆ ಎರಡು ಯೋಚನೆಯಿರಲಿಲ್ಲ. ಹಾವನ್ನು ಅರ್ಧ ಹೊಡೆದು ಬಿಡಬಾರದು. ಇವನು ಬದುಕಿದರೆ ಮತ್ತೆ ಬರುತ್ತಾನೆ, ಬಂದರೆ ಮಗನ ತಲೆ ಉಳಿಯುವುದಿಲ್ಲ. ಅವಳು ಬಾಗಿ, "ತಲೆ ತೆಗೆಸು" ಎಂದು ಮಗನ ಕಿವಿಯಲ್ಲಿ ಹೇಳಿದಳು.

ಮಗ ಚಿಕ್ಕಪ್ಪನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗಟ್ಟಿಯಾಗಿ ಹೇಳಿದ: "ಕಟ್ಟು ಬಿಚ್ಚಿ. ಗಡಿ ದಾಟಿಸಿ ಬಿಟ್ಟುಬನ್ನಿ."

ರಾಣಿ ಮತ್ತೆ ಬಾಗಿ, "ಮಗಾ, ನಾನು ಹೇಳಿದ್ದು ಅದಲ್ಲ" ಎಂದಳು.

"ಗೊತ್ತಮ್ಮ. ಕೇಳಿಸಿತು."

ಮುದಿ ಮಂತ್ರಿ ಅವಳ ಮುಖ ನೋಡಿ ಹತ್ತಿರ ಬಂದ. "ತಾಯೀ, ಏನು ಮಾಡೋಣ?" ಎಂದು ಮೆಲ್ಲಗೆ ಕೇಳಿದ.

ಅವಳು ಬರಿದೆ ಕಣ್ಣಸನ್ನೆ ಮಾಡಿದ್ದರೂ ಸಾಕಿತ್ತು, ಮೈದುನನ ತಲೆ ಉರುಳುತ್ತಿತ್ತು. ಆದರೆ ಆಮೇಲೆ ಪಟ್ಟದ ಮೇಲೆ ಕೂತವನನ್ನು ಅರಸನೆಂದು ಯಾರೂ ನಂಬುತ್ತಿರಲಿಲ್ಲ.

ರಾಣಿ ಸೆರಗು ಸರಿಮಾಡಿಕೊಂಡಳು. "ಏನು ಮಂತ್ರಿಗಳೇ, ವಯಸ್ಸಾಯಿತೆಂದು ಕಿವಿಯೂ ಹೋಯಿತೇ? ಅರಸರು ಹೇಳಿದ್ದು ಕೇಳಿಸಲಿಲ್ಲವೇ?" ಎಂದಳು. ತನ್ನ ಮಣೆಯನ್ನು ತಾನೇ ಎತ್ತಿಕೊಂಡು ಒಳಕ್ಕೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ? ಆ ಚಿಕ್ಕಪ್ಪ ಮತ್ತೆ ದಂಡು ಕಟ್ಟಿಕೊಂಡು ಬಂದನೇ?" ಎಂದು ಕೇಳಿದ.

"ಅದನ್ನು ಅರಸನನ್ನು ಕೇಳಪ್ಪ, ರಾಣಿಯನ್ನು ಕೇಳುವ ಕಾಲ ಮುಗಿಯಿತು" ಎಂದರು ಗುರುಗಳು.