ಜಡೆಯನ ಖಾಕಿ ಟೋಪಿ

ಕಾಡಂಚಿನ ಊರು. ಅಲ್ಲಿ ಕೇತಮ್ಮ, ಅವಳಿಗೊಬ್ಬ ಮಗ ಜಡೆಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವ್ವನ ತಲೆನೋವು.

ಬೇಸಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಊರಿನ ಹುಡುಗರೇ ಪುಕ್ಕಟೆ ಕಾವಲು ಹೋಗುತ್ತಿದ್ದರು. ಬೇಸಗೆ ದಾಟಿಸಿದವರಿಗೆ ಅರಣ್ಯ ಇಲಾಖೆಯ ಖಾಕಿ ಟೋಪಿ.

"ನಿನ್ನ ಮಗನಿಗೆ ಟೋಪಿಯಾ?" ಅಂದಳು ಪಕ್ಕದ ಮನೆ ದೊಡ್ಡತಾಯಿ.

"ತಲೆ ಇದೆಯಲ್ಲ, ಟೋಪಿ ಯಾಕೆ ಕೂರಲ್ಲ?" ಅಂದಳು ಕೇತಮ್ಮ. ಕಳಿಸಿಯೇಬಿಟ್ಟಳು.

ವಾಚರ್ ಗುರುಸಿದ್ದ ಹೇಳಿದ, "ಕಾಡಲ್ಲಿ ಜೊತೆಗಾರನ್ನ ಬಿಟ್ಟು ಒಂದು ಹೆಜ್ಜೆ ಇಡಬೇಡ."

ಜೊತೆಗಾರ ನಾಗ ಚೊಂಬು ಹಿಡಿದು ಪೊದೆಯ ಹಿಂದೆ ಹೋದ. ಜಡೆಯನೂ ಹೋದ. ನಾಗ ಕೂತ. ಜಡೆಯ ಎದುರಿಗೇ ಕೂತ.

ಗುರುಸಿದ್ದ ಬೈದ. ಅವ್ವನೂ ಬೈದಳು. "ಅಂಥ ಹೊತ್ತಲ್ಲಿ ದೂರ ನಿಂತು, ಇಲ್ಲಿದ್ದೀನಿ ಅಂತ ಕೂಗಬೇಕು ಕಣ್ಲಾ."

ಮಾರನೇ ದಿನ ಕೆರೆಯಲ್ಲಿ ಆನೆ ನೀರು ಕುಡಿಯುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದರು. ಜಡೆಯ ದೂರ ನಿಂತು ಕೂಗಿದ, "ಇಲ್ಲಿದ್ದೀನಿ!"

ಎಲ್ಲಿ ಅಂತ ನೋಡಲು ಆನೆ ಬಂತು. ಹೊತ್ತು ಮುಳುಗುವವರೆಗೂ ಎಲ್ಲರೂ ಬಂಡೆಯ ಮೇಲೆ.

"ಅಯ್ಯೋ ಪೆದ್ದ, ಅಪಾಯ ಕಂಡರೆ ಬಾಯಿ ಬಿಡಬಾರದು. ಮೆಲ್ಲಗೆ ಹಿಂದಕ್ಕೆ ಹಿಂದಕ್ಕೆ ನಡೆದು ಬರಬೇಕು" ಅಂದಳು ಅವ್ವ.

ಮತ್ತೊಂದು ದಿನ ಹುಲ್ಲಿಗೆ ಕಿಡಿ ಹತ್ತಿತು. ಮೊದಲು ಕಂಡವನು ಜಡೆಯ. ಬಾಯಿ ಬಿಡಲಿಲ್ಲ. ಹಿಂದಕ್ಕೆ ಹಿಂದಕ್ಕೆ ನಡೆದು ಅಡುಗೆಮನೆಗೇ ಬಂದು ನಿಂತ. ಅಷ್ಟರಲ್ಲಿ ಒಂದು ಬಿದಿರುಮೆಳೆ ಬೂದಿ.

"ಇನ್ನೊಂದು ತಪ್ಪಾದರೆ ಟೋಪಿಯೂ ಇಲ್ಲ, ಕಾಡೂ ಇಲ್ಲ" ಅಂದ ಗುರುಸಿದ್ದ.

ಅವ್ವ ಮಗನನ್ನು ಕೂರಿಸಿಕೊಂಡು ಹೇಳಿದಳು. "ಹೊಗೆ ಕಂಡರೆ ಹಸಿ ಸೊಪ್ಪು ಮುರಿದುಕೊಂಡು ಬಡಿ. ಆರೋವರೆಗೂ ಬಡಿ. ಯಾರು ಬೇಡ ಅಂದರೂ ಬಿಡಬೇಡ."

ಟೋಪಿ ಹಂಚುವ ದಿನ ದೊಡ್ಡ ಸಾಹೇಬರು ಬಂದರು. ಮೊಣಕಾಲೆತ್ತರದ ಒಣಹುಲ್ಲಿನಲ್ಲಿ ಜೀಪಿಗೆ ಒರಗಿ ಸಿಗರೇಟು ಹಚ್ಚಿದರು. ಹೊಗೆ ಎದ್ದಿತು. ಜಡೆಯನೂ ಎದ್ದ.

ಬಡಿದ. ಸಾಹೇಬರು ಬೇಡ ಅಂದರು. ಗುರುಸಿದ್ದನೂ ಬೇಡ ಅಂದ. ಜಡೆಯ ಬಿಡಲಿಲ್ಲ. ಆರಿದ ಮೇಲೆ ನಿಲ್ಲಿಸಿದ.

"ನಡಿ ಮನೆಗೆ, ಪೆದ್ದ ನನ್ಮಗನೆ" ಅಂದ ಗುರುಸಿದ್ದ.

ನೋಡಲು ಬಂದಿದ್ದ ಕೇತಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಒಣಹುಲ್ಲಲ್ಲಿ ಬೆಂಕಿ ಗೀರಿದವರು ಜಾಣರು, ಆರಿಸಿದವನು ಪೆದ್ದನಾ? ಟೋಪಿ ಕೊಡದೆ ನಾನು ಕದಲಲ್ಲ ಸ್ವಾಮಿ."

ಸಾಹೇಬರು ಮೀಸೆಯಿಂದ ಎಲೆಯೊಂದನ್ನು ಕಿತ್ತುಕೊಂಡರು. ಸಿಗರೇಟಿನ ಪ್ಯಾಕನ್ನು ಜೀಪಿನೊಳಕ್ಕೆ ಎಸೆದರು. ಟೋಪಿ ತಂದು ತಾವೇ ಜಡೆಯನ ತಲೆಗಿಟ್ಟರು.

ಟೋಪಿ ತೊಟ್ಟ ಮಗ ಊರೆಲ್ಲ ಸುತ್ತಿ ಬರುವುದರೊಳಗೆ ಕೇತಮ್ಮ ಪಾಯಸಕ್ಕೆ ಒಲೆ ಹಚ್ಚಿದಳು. ಜಡೆಯ ಬಂದ. ನೋಡಿದ. ಹೆಂಚಿನ ಸಂದಿಯಲ್ಲಿ ಹೊಗೆ.

ಅವ್ವ ಬೇಡ ಬೇಡ ಅಂದಳು. ಯಾರು ಬೇಡ ಅಂದರೂ ಬಿಡಬೇಡ ಅಂದವಳೂ ಅವಳೇ.

ಸದ್ದಿಗೆ ದೊಡ್ಡತಾಯಿ ಓಡಿ ಬಂದಳು. ಪಾಯಸ ಗೋಡೆಯ ಮೇಲಿತ್ತು, ಬೂದಿ ಕೇತಮ್ಮನ ಮುಖದ ಮೇಲಿತ್ತು.

"ಏನೇ ಇದು?"

"ಏನೀಗ? ನನ್ನ ಮಗ ಇರೋವರೆಗೂ ಈ ಊರಿಗೆ ಬೆಂಕಿ ಬೀಳಲ್ಲ" ಅಂದಳು ಕೇತಮ್ಮ. "ನಿಮ್ಮನೇಲಿ ಅನ್ನ ಆಗಿದ್ದರೆ ಒಂದು ತಟ್ಟೆ ಕೊಡು."

"ಇನ್ನೂ ಒಲೆ ಮೇಲಿದೆ" ಅಂದಳು ದೊಡ್ಡತಾಯಿ.

ಜಡೆಯ ಟೋಪಿ ಸರಿಮಾಡಿಕೊಂಡು ಸೊಪ್ಪು ಎತ್ತಿಕೊಂಡ.