ಸುರಂಗಕ್ಕೆ ಹೋದ ಚೀಟಿ

ರಕ್ತನಿಧಿಯೊಂದರ ಕಂಪ್ಯೂಟರಿನೊಳಗೆ ದಾರಿಪಟ್ಟಿ ಎಂಬ ಹಳೆಯ ನೌಕರನಿದ್ದ. ಯಾವ ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವುದು ಅವನ ಕೆಲಸ. ಒಂದು ಬೆಳಿಗ್ಗೆ ತಂತ್ರಜ್ಞೆ ತಬಸ್ಸುಮ್ ಅಲ್ಲಿಗೆ ದೂರದ ಕೇಂದ್ರ ಕಚೇರಿಯವರೆಗೆ ಗುಟ್ಟಾಗಿ ಸಾಗುವ, ವಿಪಿಎನ್ ಎಂಬ ಸುರಂಗವನ್ನು ತಂದು ಕೂರಿಸಿದಳು.

“ಹೊರಗಿನ ದಾರಿಯಲ್ಲಿ ಕದ್ದು ನೋಡುವವರಿದ್ದಾರೆ. ಇನ್ನು ಮೇಲೆ ಎಲ್ಲ ಸಂದೇಶಗಳನ್ನೂ ನನಗೇ ಒಪ್ಪಿಸು,” ಎಂದಿತು ಸುರಂಗ.

ದಾರಿಪಟ್ಟಿಗೆ ಅನುಮಾನ ಬಂತು. “ಪಕ್ಕದ ಮೇಜಿನ ಪ್ರಿಂಟರಿಗೆ ಹೋಗುವುದನ್ನೂ?”

“ಎಲ್ಲವನ್ನೂ. ನಾನು ಯಾರನ್ನೂ ನಂಬುವುದಿಲ್ಲ.”

ತಬಸ್ಸುಮ್ ಕೂಡ ಸೆಟ್ಟಿಂಗ್‌ನಲ್ಲಿ ‘ಎಲ್ಲವೂ ಸುರಂಗದಲ್ಲಿ’ ಎಂಬುದಕ್ಕೇ ಗುರುತು ಹಾಕಿದ್ದಳು. ದಾರಿಪಟ್ಟಿ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ.

ಮಧ್ಯಾಹ್ನ ಆಪರೇಷನ್ ಕೋಣೆಯಿಂದ ತುರ್ತು ಕರೆ ಬಂತು. ರಕ್ತದ ಚೀಲ ಸಿದ್ಧವಿತ್ತು, ಅದರ ಮೇಲೆ ಅಂಟಿಸುವ ಚೀಟಿ ಮಾತ್ರ ಅಚ್ಚಾಗಲಿಲ್ಲ. ಚೀಟಿಯಿಲ್ಲದೆ ಚೀಲ ಹೊರಡುವಂತಿರಲಿಲ್ಲ.

“ಚೀಟಿ ಎಲ್ಲಿ?” ಎಂದು ದಾರಿಪಟ್ಟಿ ಗದರಿದ.

“ದೂರದ ಕೇಂದ್ರ ಕಚೇರಿಗೆ ತಲುಪಿಸಿದ್ದೇನೆ. ಯಾರೂ ನೋಡಿಲ್ಲ.”

“ಪ್ರಿಂಟರೂ ನೋಡಿಲ್ಲ!”

ಅಷ್ಟರಲ್ಲಿ ತಬಸ್ಸುಮ್‌ಗೆ ತನ್ನ ತಪ್ಪು ಹೊಳೆಯಿತು. ಕೇಂದ್ರ ಕಚೇರಿಯ ಸಂದೇಶಗಳು ಮಾತ್ರ ಸುರಂಗಕ್ಕೆ, ರಕ್ತನಿಧಿಯೊಳಗಿನವು ನೇರವಾಗಿ ಎಂದು ಅವಸರದಲ್ಲಿ ಬದಲಾಯಿಸಿದಳು. ಪ್ರಿಂಟರ್ ಗರಗರ ಎಂದಿತು. ಚೀಲ ಹಿಡಿದು ಅವಳೇ ಓಡಿದಳು. ರೋಗಿ ಬದುಕಿಕೊಂಡಳು.

ಸಂಜೆ ರಕ್ತ ಕೊಟ್ಟವರ ಹೆಸರು, ಪರೀಕ್ಷೆಯ ಫಲಿತಾಂಶಗಳೆಲ್ಲ ಕೇಂದ್ರಕ್ಕೆ ಹೊರಟವು.

“ಇದು ನನ್ನ ಕೆಲಸ,” ಎಂದಿತು ಸುರಂಗ, ತಗ್ಗಿದ ದನಿಯಲ್ಲಿ.

“ನಿನ್ನದೇ,” ಎನ್ನುತ್ತ ದಾರಿಪಟ್ಟಿ ಮೊದಲ ಹಾಳೆಯನ್ನು ಕೊಟ್ಟ. ಅದು ತಲುಪಿತೆಂಬ ಉತ್ತರ ಕೈಸೇರಿದ ಮೇಲೆಯೇ ಎರಡನೆಯದನ್ನು ಮುಟ್ಟಿದ.